ಸಾಲದ ಕಂತು ನಡೆದಿರುವಾಗ ಹೊಸ ಖಾತೆ: ಎಲ್ಲಿ ತೆಗೆಯಬೇಕು, ಎಲ್ಲಿ ಬೇಡ

ಗದಗಿನಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಇಷ್ಟೇ ವ್ಯಾಪಾರ. 2020ರ ಲಗ್ನದ ಹಂಗಾಮು ಲಾಕ್‌ಡೌನಿನಲ್ಲಿ ಹೋಯಿತು, 2021ರದ್ದೂ ಹೋಯಿತು. ಮಷಿನ್ ಮೇಲಿನ ಸಾಲ ಸುಸ್ತಿಯಾಯಿತು. ಎಷ್ಟೋ ಸಲ ಅಲೆದ ಮೇಲೆ ಬ್ಯಾಂಕಿನವರು ಒಂದು ಮೊತ್ತಕ್ಕೆ ಒಪ್ಪಿದರು, ನಾನೂ ತಿಂಗಳ ಹತ್ತನೇ ತಾರೀಕಿಗೆ ಒಂದು ಕಂತು ಅಂತ ಬರೆದುಕೊಟ್ಟೆ. ಮೂರನೇ ಕಂತಿಗೇ ಎಡವಿದೆ. ದುಡ್ಡಿರಲಿಲ್ಲ ಅಂತಲ್ಲ. ಇತ್ತು, ಅದೇ ಬ್ಯಾಂಕಿನ ನನ್ನ ಉಳಿತಾಯ ಖಾತೆಯಲ್ಲಿ. ಗಿರಾಕಿಯೊಬ್ಬರು ಲಗ್ನಪತ್ರಿಕೆಗೆ ಕೊಟ್ಟ ಅಡ್ವಾನ್ಸು 18,000 ರೂಪಾಯಿ ಕ್ಯೂಆರ್ ಕೋಡಿನಿಂದ ಅಲ್ಲಿಗೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಅದು ನನ್ನ ಹಳೆಯ ಕ್ರೆಡಿಟ್ ಕಾರ್ಡಿನ ಬಾಕಿಗೆ ವಜಾ ಆಗಿ ಹೋಗಿದೆ. ಕಾಗದ ತರಬೇಕಾದ ದುಡ್ಡು ಅದು. ಅತ್ತ ಕಂತಿಗೂ ಆಗಲಿಲ್ಲ, ಇತ್ತ ಕಾಗದಕ್ಕೂ ಆಗಲಿಲ್ಲ.

ಮ್ಯಾನೇಜರರ ಮುಂದೆ ನಿಂತು ದನಿ ಎತ್ತಿದೆ. ಅವರು ಸಮಾಧಾನದಿಂದಲೇ ಹೇಳಿದರು: "ಯಜಮಾನ್ರ, ಸಾಲನೂ ನಮ್ಮಲ್ಲೇ, ಖಾತೆನೂ ನಮ್ಮಲ್ಲೇ. ಸಿಸ್ಟಮ್ ಹಿಡಕೊಂತು. ಕಾಯ್ದೆ ಐತ್ರಿ." ಸಿಟ್ಟು ಬಂದರೂ ಅವರು ಹೇಳಿದ್ದು ಖರೆ. 1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಮಿನ ಪ್ರಕಾರ ಗಿರಾಕಿಯ ಸೊತ್ತು ತನ್ನ ಕೈಯಲ್ಲಿದ್ದರೆ ಬ್ಯಾಂಕು ಅದನ್ನು ಬಾಕಿಗಾಗಿ ಹಿಡಿದಿಟ್ಟುಕೊಳ್ಳಬಹುದು. ಒಬ್ಬನದೇ ಠೇವಣಿಯನ್ನು ಅವನದೇ ಸಾಲಕ್ಕೆ ವಜಾ ಹಾಕಿಕೊಳ್ಳುವ ಹಕ್ಕನ್ನೂ ಕೋರ್ಟುಗಳು ಒಪ್ಪಿವೆ. ಸಾಲದ ಕಾಗದದಲ್ಲೂ ಆ ಮಾತು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಮೂವತ್ತು ವರ್ಷ ಅಚ್ಚು ಹಾಕಿದವನು ನಾನು, ನನ್ನದೇ ಕಾಗದ ಓದಿರಲಿಲ್ಲ.

ಹೊಸ ಖಾತೆ ತೆಗೆಯಬೇಕು ಅನ್ನುವವರು ಈಗಲೂ ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಝೀರೋ ಬ್ಯಾಲೆನ್ಸ್ ಯಾವ ಬ್ಯಾಂಕಿನ್ಯಾಗ ಛಲೋ?" ನಾನು ತಿರುಗಿ ಕೇಳುವುದು ಒಂದೇ: "ನಿಮ್ಮ ಸಾಲ ಎಲ್ಲೆಲ್ಲಿ ಐತಿ, ಅದನ್ನ ಮೊದಲು ಹೇಳ್ರಿ." ಮಿನಿಮಮ್ ಬ್ಯಾಲೆನ್ಸು, ಬಡ್ಡಿ, ಎಟಿಎಂ ದೂರ ಇದೆಯೋ ಹತ್ತಿರ ಇದೆಯೋ, ಇವೆಲ್ಲ ಆಮೇಲೆ.

ಸಾಲಗಾರನಿಗೆ ಖಾತೆ ಕೊಡುತ್ತಾರೆಯೇ?

ಕೊಡುತ್ತಾರೆ. ಸಿಬಿಲ್ ಕೆಟ್ಟಿದೆ, ಇನ್ನು ಬ್ಯಾಂಕಿನ ಮೆಟ್ಟಿಲು ಹತ್ತುವ ಹಾಗಿಲ್ಲ ಅಂತ ಎಷ್ಟೋ ಜನ ಕುಗ್ಗಿ ಕೂತಿರುತ್ತಾರೆ. ಸಿಬಿಲ್‌ನಂಥ ಸಂಸ್ಥೆಗಳು ನಮ್ಮ ದೇಶದಲ್ಲಿ ನಾಲ್ಕಿವೆ. ಅವುಗಳ ವರದಿಯಲ್ಲಿ ಇರುವುದು ಸಾಲ ಮತ್ತು ಕ್ರೆಡಿಟ್ ಕಾರ್ಡಿನ ಲೆಕ್ಕ, ಉಳಿತಾಯ ಖಾತೆಯ ಲೆಕ್ಕವಲ್ಲ. ಸಾದಾ ಉಳಿತಾಯ ಖಾತೆಗೆ ಬೇಕಾದದ್ದು ಕೆವೈಸಿ, ಅಂದರೆ ಗುರುತು, ವಿಳಾಸದ ದಾಖಲೆ, ಸ್ಕೋರ್ ಅಲ್ಲ. ಅದರಲ್ಲೂ 'ಮೂಲ ಉಳಿತಾಯ ಖಾತೆ' ಎಂಬುದನ್ನು ರಿಸರ್ವ್ ಬ್ಯಾಂಕು 2012ರ ಆಗಸ್ಟಿನಲ್ಲಿ ಎಲ್ಲರಿಗೂ ಕೊಡಬೇಕಾದ ಮಾಮೂಲಿ ಸೇವೆ ಅಂತಲೇ ಮಾಡಿದೆ. ಬಡವರಿಗೆ ಮಾತ್ರ, ಇಂಥ ವಯಸ್ಸಿನವರಿಗೆ ಮಾತ್ರ ಎಂಬ ಷರತ್ತು ಹಾಕುವ ಹಾಗಿಲ್ಲ. ಕೌಂಟರಿನಲ್ಲಿ ಇದನ್ನು ಬಿಎಸ್‌ಬಿಡಿ ಖಾತೆ ಅನ್ನುತ್ತಾರೆ. ಆ ಹೆಸರಿನಿಂದಲೇ ಕೇಳಿ. ಬರೀ "ಒಂದು ಎಸ್‌ಬಿ ಖಾತೆ" ಅಂದರೆ ಮಿನಿಮಮ್ ಬ್ಯಾಲೆನ್ಸಿನ ಫಾರಮ್ಮು ಕೈಗೆ ಬರಬಹುದು.

ಚಾಲ್ತಿ ಖಾತೆಯ ಕತೆ ಬೇರೆ. ಅದಕ್ಕೆ ಹೋದರೆ ಬೇರೆ ಎಲ್ಲಿ ಸಾಲ ಇದೆ ಅಂತ ನೋಡುತ್ತಾರೆ, ಸಾಲ ಕೊಟ್ಟ ಬ್ಯಾಂಕಿನ ಎನ್‌ಒಸಿ (ನಮ್ಮ ತಕರಾರಿಲ್ಲ ಅನ್ನುವ ಪತ್ರ) ತನ್ನಿ ಅನ್ನುವುದು ರೂಢಿ. ನಾನು ಆ ಗೊಡವೆಗೆ ಹೋಗಲಿಲ್ಲ.

ಸಾಲ ಯಾರದು, ಅಪಾಯ ಯಾವುದು

ಎಲ್ಲ ಸಾಲಗಾರರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಮೂರು ಮನೆಗಳ ಕತೆ ಹೇಳುತ್ತೇನೆ.

ಮೊದಲನೆಯದು ನನ್ನದೇ. ಸಾಲ ಬ್ಯಾಂಕಿನದು, ಖಾತೆಯೂ ಅಲ್ಲೇ. ಇಲ್ಲಿ ಅಪಾಯ ವಜಾ ಮಾಡಿಕೊಳ್ಳುವುದು, ಅಥವಾ ಖಾತೆಗೆ 'ಹೋಲ್ಡ್' ಹಾಕುವುದು. ಇಂಥವರು ಬೇರೆ ಬ್ಯಾಂಕಿಗೆ ಹೋಗಬೇಕು. ಆದರೆ ಬೇರೆ ಬ್ಯಾಂಕು ಅಂದುಕೊಂಡದ್ದು ನಿಜವಾಗಿ ಬೇರೆಯೇ ಅಂತ ನೋಡಿಕೊಳ್ಳಿ. ಬೋರ್ಡು ಬದಲಾದದ್ದು ಎಷ್ಟೋ ಜನರ ತಲೆಯಲ್ಲಿ ಇನ್ನೂ ಕೂತಿಲ್ಲ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಸಾಲ 2020ರ ಏಪ್ರಿಲ್ 1ರಿಂದ ಕೆನರಾ ಬ್ಯಾಂಕಿನದು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು, ಆಂಧ್ರ ಬ್ಯಾಂಕು ಎರಡೂ ಯೂನಿಯನ್ ಬ್ಯಾಂಕಿನೊಳಗೆ ಹೋದವು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ. ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಧಾರವಾಡದಲ್ಲಿ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿಯ ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ವಿಕಾಸದಲ್ಲಿ ಬೆಳೆಸಾಲ ಸುಸ್ತಿ ಇಟ್ಟುಕೊಂಡು ಕರ್ನಾಟಕ ಗ್ರಾಮೀಣದಲ್ಲಿ ಹೊಸ ಖಾತೆ ತೆಗೆದರೆ, ಒಂದೇ ಮನೆಯ ಹಿತ್ತಲ ಬಾಗಿಲಿನಿಂದ ಒಳಗೆ ಹೋದ ಹಾಗೆ. ಇನ್ನೊಂದು ಗೊಂದಲ: ಈ ಗ್ರಾಮೀಣ ಬ್ಯಾಂಕಿನ ಪ್ರಾಯೋಜಕ ಕೆನರಾ ಬ್ಯಾಂಕು. ಹಾಗಂತ ಎರಡೂ ಒಂದೇ ಅಲ್ಲ, ಕಾಯ್ದೆಯ ಕಣ್ಣಿಗೆ ಬೇರೆ ಬೇರೆ ಸಂಸ್ಥೆ. ಕೆನರಾದಲ್ಲಿ ಸಾಲ ಇದ್ದವರು ಗ್ರಾಮೀಣದಲ್ಲಿ ಖಾತೆ ತೆಗೆಯಬಹುದು.

ಎರಡನೆಯದು ಬೆಟಗೇರಿಯ ಒಬ್ಬ ಅಕ್ಕನದು. ಮನೆಯಲ್ಲಿ ಮಗ್ಗ, ಮೂರು ಮೈಕ್ರೋಫೈನಾನ್ಸಿನ ಸಂಘದ ಸಾಲ. ಮೈಕ್ರೋಫೈನಾನ್ಸ್ ಕಂಪನಿಯಲ್ಲಿ ಉಳಿತಾಯ ಖಾತೆ ಇರುವುದಿಲ್ಲ, ಆದ್ದರಿಂದ ವಜಾದ ಹೆದರಿಕೆ ಇಲ್ಲ. ಅಲ್ಲಿ ಇರುವುದು ಆಟೋ ಡೆಬಿಟ್. ಸಾಲ ತೆಗೆದುಕೊಳ್ಳುವಾಗ ಸಹಿ ಹಾಕಿದ ಮ್ಯಾಂಡೇಟು, ಅಂದರೆ ಕಂತು ತಾನಾಗಿ ಕಡಿದುಕೊಳ್ಳಲು ಕೊಟ್ಟ ಒಪ್ಪಿಗೆ, ತಿಂಗಳ ತಾರೀಕಿಗೆ ಖಾತೆಯನ್ನು ತಟ್ಟುತ್ತದೆ. ದುಡ್ಡಿಲ್ಲದಿದ್ದರೆ ಬ್ಯಾಂಕು ಬೌನ್ಸ್ ಚಾರ್ಜು ಹಾಕುತ್ತದೆ. ಮರುದಿನ ಯಾರೋ ಸಾವಿರ ರೂಪಾಯಿ ಹಾಕಿದರೆ ಮೊದಲು ಹೋಗುವುದು ಆ ಚಾರ್ಜೇ. ಈ ಅಕ್ಕನಿಗೆ ಬ್ಯಾಂಕು ಯಾವುದು ಅನ್ನುವುದು ದೊಡ್ಡ ಮಾತಲ್ಲ. ಹೊಸ ಖಾತೆಯ ಮೇಲೆ ಯಾವ ಮ್ಯಾಂಡೇಟೂ ಇರಬಾರದು, ಅಷ್ಟೇ. ಕಂತನ್ನು ಕಡಿಮೆ ಮಾಡಿಸಿಕೊಂಡ ಮೇಲೆ ಹಳೆಯ ಮ್ಯಾಂಡೇಟು ರದ್ದು ಮಾಡಿಸಿ, ಹೊಸ ಮೊತ್ತಕ್ಕೆ ಬೇಕಾದರೆ ಹೊಸದು ಕೊಡಬೇಕು. ಹೇಳದೆ ಕೇಳದೆ ನಿಲ್ಲಿಸುವುದು ಸರಿಯಲ್ಲ. ಎಲೆಕ್ಟ್ರಾನಿಕ್ ಪಾವತಿ ಬೌನ್ಸ್ ಆದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಲ್ಲಿ ಚೆಕ್ ಬೌನ್ಸಿನಂತೆಯೇ ಕೇಸು ಹಾಕಬಹುದು.

ಅದಿರಲಿ, ಮೈಕ್ರೋಫೈನಾನ್ಸ್ ಸಾಲದ ವಸೂಲಿಯವರು ಬೆಳಿಗ್ಗೆ 9ರ ಒಳಗೆ, ಸಂಜೆ 6ರ ಮೇಲೆ ಫೋನ್ ಮಾಡುವ ಹಾಗಿಲ್ಲ ಅಂತ 2022ರಿಂದ ಆರ್‌ಬಿಐ ನಿಯಮವಿದೆ. ಅಕ್ಕನಿಗೆ ಅದು ಗೊತ್ತಿರಲಿಲ್ಲ. ಫೋನು ಮಾಡುತ್ತಿದ್ದ ಹುಡುಗನಿಗೂ ಗೊತ್ತಿರಲಿಲ್ಲವಂತೆ!

ಮೂರನೆಯದು ನನ್ನ ಷಡ್ಡಕರದು, ಹಾವೇರಿ ಕಡೆ. ಹೊಲ ಇದೆ, ಮೆಣಸಿನಕಾಯಿ ಬೆಳೆಯುತ್ತಾರೆ, ಊರಿನ ಸೊಸೈಟಿಯಲ್ಲಿ ಸಾಲ, ಜೊತೆಗೆ ಒಬ್ಬರ ಹತ್ತಿರ ಕೈಗಡ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಮಾರಿ ದಲಾಲರ ಅಂಗಡಿಯಲ್ಲಿ ಖಾತೆ ನಂಬರು ಬರೆಸುವಾಗ ನನಗೆ ಫೋನ್ ಮಾಡಿದರು: "ಭಾವಾ, ಯಾವ ನಂಬರು ಕೊಡ್ಲಿ?" ಸೊಸೈಟಿಗೆ ತನ್ನ ಸದಸ್ಯನ ಷೇರು, ಠೇವಣಿಗಳ ಮೇಲೆ ಹಕ್ಕಿದೆ, ಬೇರೆ ಬ್ಯಾಂಕಿನಲ್ಲಿ ಇರುವ ದುಡ್ಡಿನ ಮೇಲೆ ನೇರ ಹಕ್ಕಿಲ್ಲ. ಕೈಗಡ ಕೊಟ್ಟವರಿಗಂತೂ ಖಾತೆಯ ಮೇಲೆ ಯಾವ ಕೈಯೂ ಇಲ್ಲ. ಆದರೆ ಅವರ ಪೆಟ್ಟಿಗೆಯಲ್ಲಿ ಇವರು ಸಹಿ ಮಾಡಿಕೊಟ್ಟ ಎರಡು ಖಾಲಿ ಚೆಕ್ಕುಗಳಿದ್ದವು. ಆ ಚೆಕ್ಕಿನ ಖಾತೆಯನ್ನು ಮುಚ್ಚಿಬಿಡೋಣ ಅಂತ ಇವರ ಯೋಚನೆ. ಬೇಡ ಅಂದೆ. 'ಖಾತೆ ಮುಚ್ಚಿದೆ' ಅಂತ ಚೆಕ್ಕು ವಾಪಸು ಬಂದರೂ ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಚೆಕ್ ಬೌನ್ಸೇ ಅಂತ ಸುಪ್ರೀಂ ಕೋರ್ಟು ಹೇಳಿ ಎಷ್ಟೋ ವರ್ಷವಾಯಿತು. ಮೊದಲು ಚೆಕ್ಕು ವಾಪಸು ಬರಲಿ, ಆಮೇಲೆ ಖಾತೆ ಮುಚ್ಚುವ ಮಾತು.

ಈಗ ಬಾಗಿಲುಗಳನ್ನು ನೋಡೋಣ

ನಿಮ್ಮ ಸಾಲ ಇಲ್ಲದ ಸರ್ಕಾರಿ ಬ್ಯಾಂಕಿನಲ್ಲಿ ಬಿಎಸ್‌ಬಿಡಿ ಅಥವಾ ಜನಧನ್ ಖಾತೆ. ನನ್ನ ಮಟ್ಟಿಗೆ ಹೆಚ್ಚಿನವರಿಗೆ ಇದೇ ಸರಿ. ಬ್ಯಾಲೆನ್ಸ್ ಸೊನ್ನೆ ಇದ್ದರೂ ದಂಡವಿಲ್ಲ, ಎಷ್ಟು ಸಲ ಬೇಕಾದರೂ ದುಡ್ಡು ತುಂಬಬಹುದು, ಎಟಿಎಂ ಕಾರ್ಡಿಗೂ ಪಾಸ್‌ಬುಕ್ಕಿಗೂ ಶುಲ್ಕವಿಲ್ಲ. ಹಣ ತೆಗೆಯುವುದು ತಿಂಗಳಿಗೆ ಕನಿಷ್ಠ 4 ಸಲ ಉಚಿತ. ನಾಲ್ಕರ ಮೇಲೆ ಏನು, ಯುಪಿಐ ಈ ನಾಲ್ಕರಲ್ಲಿ ಎಣಿಕೆಯಾಗುತ್ತದೆಯೇ ಅನ್ನುವುದನ್ನು ಖಾತೆ ತೆಗೆಯುವ ದಿನವೇ ಕೇಳಿ. ದಿನಕ್ಕೆ ಹತ್ತು ಸಲ ಚಹಾಕ್ಕೂ ತರಕಾರಿಗೂ ಫೋನ್ ತೋರಿಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇನ್ನೊಂದು ಷರತ್ತು: ಅದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಬೇರೆ ಉಳಿತಾಯ ಖಾತೆ ಇರಬಾರದು, ಇದ್ದರೆ 30 ದಿನದೊಳಗೆ ಮುಚ್ಚಬೇಕು. ಬೇರೆ ಬ್ಯಾಂಕಿನಲ್ಲೂ ಇಂಥದ್ದೇ ಬಿಎಸ್‌ಬಿಡಿ ಖಾತೆ ಇಲ್ಲ ಅಂತ ಬರೆದುಕೊಡಬೇಕು. ಹತ್ತು ವರ್ಷದ ಹಿಂದೆ ಶಿಬಿರದಲ್ಲಿ ಯಾರೋ ಜನಧನ್ ಖಾತೆ ಮಾಡಿಸಿ, ಪಾಸ್‌ಬುಕ್ಕು ಟ್ರಂಕಿನ ತಳದಲ್ಲಿ ಕೂತಿರುತ್ತದೆ. ಮೊದಲು ಅದನ್ನು ಹುಡುಕಿ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗಿರುತ್ತದೆ, ಆದರೆ ಕೆವೈಸಿ ಕೊಟ್ಟು ಮತ್ತೆ ಚಾಲೂ ಮಾಡಿಸಬಹುದು. ಅದಕ್ಕೆ ಶುಲ್ಕ ಕೇಳುವ ಹಾಗಿಲ್ಲ.

ಜನಧನ್ ಅಂದರೆ 2014ರ ಆಗಸ್ಟ್ 28ರಂದು ಶುರುವಾದ ಯೋಜನೆ. ಒಳಗಿರುವುದು ಇದೇ ಮೂಲ ಖಾತೆ, ಮೇಲೆ ರುಪೇ ಕಾರ್ಡಿನ ಅಪಘಾತ ವಿಮೆ. 2018ರ ಆಗಸ್ಟ್ 28ರ ನಂತರ ತೆಗೆದ ಖಾತೆಗೆ 2 ಲಕ್ಷ, ಅದಕ್ಕಿಂತ ಹಳೆಯದಕ್ಕೆ 1 ಲಕ್ಷ. ಆದರೆ ಅಪಘಾತದ ಹಿಂದಿನ 90 ದಿನಗಳಲ್ಲಿ ಒಮ್ಮೆಯಾದರೂ ಕಾರ್ಡು ಬಳಸಿರಬೇಕು. ಕಾರ್ಡನ್ನು ದೇವರ ಜಗಲಿಯ ಮೇಲೆ ಇಟ್ಟರೆ ವಿಮೆ ಇಲ್ಲ. 10,000 ರೂಪಾಯಿವರೆಗೆ ಓವರ್‌ಡ್ರಾಫ್ಟು ಸಿಗುತ್ತದೆ ಅಂತಲೂ ಹೇಳುತ್ತಾರೆ. ಕಂತು ನಡೆದಿರುವಾಗ ಅದರ ಕಡೆ ನೋಡಲೇಬೇಡಿ. ಅದೂ ಸಾಲವೇ. ಅದನ್ನು ತೆಗೆದುಕೊಂಡ ದಿನ ಈ ಬ್ಯಾಂಕೂ ನಿಮಗೆ ಸಾಲ ಕೊಟ್ಟವರ ಪಟ್ಟಿಗೆ ಸೇರುತ್ತದೆ, ಇಷ್ಟು ಮಾಡಿದ್ದು ನೀರಲ್ಲಿ ಹೋಮ. ಫಾರಮ್ಮಿನ ಜೊತೆ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆಯ ಚೀಟಿಗಳೂ ಬರುತ್ತವೆ. ಕಡ್ಡಾಯವಲ್ಲ. 20 ರೂಪಾಯಿಯದಕ್ಕೆ ನಾನು ಸಹಿ ಹಾಕಿದೆ, ಇನ್ನೊಂದನ್ನು ಸಾಲ ತೀರಿದ ಮೇಲೆ ನೋಡೋಣ ಅಂದೆ.

ಅಂಚೆ ಕಚೇರಿಯ ಉಳಿತಾಯ ಖಾತೆ. ಅಂಚೆಯವರು ನಮ್ಮಂಥವರಿಗೆ ಮಷಿನ್ ಸಾಲ, ಮನೆ ಸಾಲ ಕೊಡುವುದಿಲ್ಲ. ಸಾಲವೇ ಇಲ್ಲದ ಮೇಲೆ ವಜಾ ಎಲ್ಲಿಂದ? ಬಡ್ಡಿ 4%, ಬಹಳ ಬ್ಯಾಂಕುಗಳಿಗಿಂತ ಮೇಲು, ಮತ್ತು ದುಡ್ಡಿಗೆ ಕೇಂದ್ರ ಸರ್ಕಾರದ ಭರವಸೆ. ಆದರೆ 500 ರೂಪಾಯಿ ಇಟ್ಟು ತೆಗೆಯಬೇಕು, 500 ಇರಲೇಬೇಕು. ಮಾರ್ಚ್ ಕೊನೆಗೆ ಅದಕ್ಕಿಂತ ಕಡಿಮೆ ಇದ್ದರೆ 50 ರೂಪಾಯಿ ಕಡಿಯುತ್ತಾರೆ. ಯುಪಿಐ ಬೇಕೆಂದರೆ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆಗೆ ಜೋಡಿಸಿಕೊಳ್ಳಬೇಕು. ದುಡ್ಡು ಕೂಡಿಡಲು ಇದು ಛಲೋ, ವ್ಯಾಪಾರ ನಡೆಸಲು ಅಲ್ಲ.

ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕು ಬೇರೆ ಸಂಸ್ಥೆ, ಅದೇ ಕಟ್ಟಡದಲ್ಲಿ ಕೂತಿದ್ದರೂ. 2018ರ ಸೆಪ್ಟೆಂಬರ್ 1ರಂದು ಶುರುವಾಯಿತು. ಪೇಮೆಂಟ್ಸ್ ಬ್ಯಾಂಕುಗಳು ತಾವಾಗಿ ಸಾಲ ಕೊಡುವ ಹಾಗೇ ಇಲ್ಲ, ಆದ್ದರಿಂದ ನಮ್ಮ ದೃಷ್ಟಿಯಲ್ಲಿ ಇದು ಬಹಳ ನಿಶ್ಚಿಂತೆಯ ಜಾಗ. ಬ್ಯಾಲೆನ್ಸ್ ಸೊನ್ನೆ ಇದ್ದರೂ ನಡೆಯುತ್ತದೆ. ಆಧಾರ್ ಮತ್ತು ಬೆರಳಿನಿಂದ ಪೋಸ್ಟ್‌ಮನ್ ಮನೆ ಬಾಗಿಲಲ್ಲೇ ಖಾತೆ ತೆಗೆದುಕೊಡುತ್ತಾರೆ. ದಿನದ ಕೊನೆಗೆ 2 ಲಕ್ಷಕ್ಕಿಂತ ಹೆಚ್ಚು ಇರುವ ಹಾಗಿಲ್ಲ, ನಮ್ಮಂಥವರಿಗೆ ಅದೇನು ತೊಂದರೆ! ಬಡ್ಡಿ ಅಂಚೆಯ ಖಾತೆಗಿಂತ ಕಡಿಮೆ. ಬೆಟಗೇರಿಯ ಅಕ್ಕನಿಗೆ ನಾನು ಹೇಳಿದ್ದು ಇದನ್ನೇ. ಬ್ಯಾಂಕಿಗೆ ಹೋದರೆ ಅರ್ಧ ದಿನದ ಮಗ್ಗ ನಿಲ್ಲುತ್ತದೆ, ಪೋಸ್ಟ್‌ಮನ್ ಓಣಿಗೇ ಬರುತ್ತಾರೆ. ಮಗ್ಗದ ಕೆಲಸದಲ್ಲಿ ಬೆರಳು ಸವೆದವರಿಗೆ ಯಂತ್ರ ಗುರುತು ಹಿಡಿಯದೆ ಸತಾಯಿಸುವುದುಂಟು. ಅಕ್ಕನಿಗೂ ಎರಡು ಸಲ ಹಾಗಾಗಿ, ಮೂರನೇ ಸಲ ಕೈ ತೊಳೆದು, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಒರೆಸಿ ಇಟ್ಟಾಗ ಹಿಡಿಯಿತು.

ಸಹಕಾರಿ ಸಂಘದ ಮಾತು ಬಂದರೆ ನನಗೆ ಸಂಕಟ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಏಷ್ಯಾದಲ್ಲೇ ಮೊದಲನೆಯದು ಅನ್ನುವ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇರುವುದು ಇದೇ ಗದಗ ತಾಲ್ಲೂಕಿನಲ್ಲಿ. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲು ಹುಟ್ಟಿದ್ದದು. ಅಂಥ ನೆಲದವನು ಸಹಕಾರಿಯಲ್ಲಿ ಖಾತೆ ಬೇಡ ಅನ್ನಬಾರದು. ಆದರೂ ಕಂತು ನಡೆದಿರುವವರಿಗೆ ಹೇಳುತ್ತೇನೆ, ಎರಡು ವಿಷಯ ನೋಡಿ. ಒಂದು, ಅದು ಸಹಕಾರಿ ಬ್ಯಾಂಕೋ, ಪತ್ತಿನ ಸಂಘವೋ? ಬ್ಯಾಂಕಾದರೆ ಠೇವಣಿಗೆ 5 ಲಕ್ಷದವರೆಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮೆ ಇರುತ್ತದೆ. ಪತ್ತಿನ ಸಂಘ, ಸೌಹಾರ್ದಗಳಿಗೆ ಆ ವಿಮೆ ಇಲ್ಲ, ಅಲ್ಲಿಂದ ಎಟಿಎಂ, ಯುಪಿಐ ಕೂಡ ಬ್ಯಾಂಕಿನ ಹಾಗೆ ನಡೆಯುವುದಿಲ್ಲ. ಎರಡು, ಪಿಗ್ಮಿ. ದಿನಾ ಸಂಜೆ ಅಂಗಡಿಗೆ ಬರುವ ಪಿಗ್ಮಿ ಏಜೆಂಟರ ಕೈಗೆ ಐವತ್ತು, ನೂರು ಹಾಕುತ್ತಲೇ ಇರುತ್ತೀರಿ, ಅದೇ ಸಂಘದಲ್ಲಿ ಸಾಲವೂ ಸುಸ್ತಿ ಇರುತ್ತದೆ. ಮಗಳ ಕಾಲೇಜಿನ ಫೀಗೆ ಅಂತ ಕೂಡಿಟ್ಟದ್ದು ವರ್ಷದ ಕೊನೆಗೆ ಸಾಲಕ್ಕೆ ಜಮಾ ಆಗಿರುತ್ತದೆ. ಪಕ್ಕದ ಬೈಂಡಿಂಗ್ ಅಂಗಡಿಯವರಿಗೆ ಹೀಗೇ ಆಯಿತು. ಸಾಲಕ್ಕೇ ಕಟ್ಟುವ ಮನಸ್ಸಿದ್ದರೆ ನೇರ ಸಾಲಕ್ಕೇ ಕಟ್ಟಿ, ರಸೀದಿ ತಗೊಳ್ಳಿ.

ಖಾಸಗಿ ಬ್ಯಾಂಕುಗಳೂ ಬಿಎಸ್‌ಬಿಡಿ ಕೊಡಲೇಬೇಕು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಕಡೆ ಎಸಿ ಶಾಖೆಗಳಲ್ಲಿ ಕೂತ ಹುಡುಗರು ಮೊದಲು ತೋರಿಸುವುದು ಮಾತ್ರ ಮಿನಿಮಮ್ ಬ್ಯಾಲೆನ್ಸಿನ ಖಾತೆ, ಜೊತೆಗೊಂದು ಕ್ರೆಡಿಟ್ ಕಾರ್ಡಿನ ಆಸೆ. ಬೇಡ ಅನ್ನಲು ಬಾಯಿ ಗಟ್ಟಿ ಇದ್ದವರು ಹೋಗಬಹುದು.

ಕಾಗದಪತ್ರ ಏನೂ ಇಲ್ಲದವರಿಗೂ ಒಂದು ದಾರಿಯಿದೆ, ಬ್ಯಾಂಕಿನವರು ತಾವಾಗಿ ಹೇಳುವುದು ಕಡಿಮೆ. 'ಸಣ್ಣ ಖಾತೆ' ಅನ್ನುತ್ತಾರೆ. ಫೋಟೋ ಕೊಟ್ಟು, ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಬ್ಯಾಲೆನ್ಸ್ 50,000 ದಾಟುವ ಹಾಗಿಲ್ಲ, ವರ್ಷಕ್ಕೆ ಜಮಾ 1 ಲಕ್ಷ, ತಿಂಗಳಿಗೆ ತೆಗೆಯುವುದು 10,000. 12 ತಿಂಗಳು ನಡೆಯುತ್ತದೆ, ಅಷ್ಟರಲ್ಲಿ ಕಾಗದಕ್ಕೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೂ 12 ತಿಂಗಳು.

ಹೆಂಡತಿಯ ಖಾತೆ, ಮಗನ ಖಾತೆ

ಇದು ಎಲ್ಲರೂ ಮೊದಲು ಹಿಡಿಯುವ ದಾರಿ, ನಾನೂ ಹಿಡಿದಿದ್ದೆ. ಕ್ಯೂಆರ್ ಕೋಡು ಮಗನ ಖಾತೆಗೆ ಬದಲಿಸಿದೆ. ಎರಡು ತಿಂಗಳಲ್ಲಿ ಅವನ ಖಾತೆಯಲ್ಲಿ ಯಾವುದು ಅವನ ಪಗಾರ, ಯಾವುದು ನನ್ನ ಲಗ್ನಪತ್ರಿಕೆ ಅಂತ ಇಬ್ಬರಿಗೂ ತಿಳಿಯದಾಯಿತು, ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಒಪ್ಪಂದದ ಕಂತನ್ನು ಯಾರದೋ ಖಾತೆಯಿಂದ ಕಟ್ಟಿದರೆ ನಾನೇ ಕಟ್ಟಿದೆ ಅಂತ ತೋರಿಸುವುದೂ ಒಂದು ಕೆಲಸ. ಹೆಂಡತಿಯ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ: ಸಾಲಕ್ಕೆ ಅವರೇ ಜಾಮೀನು ಬಿದ್ದಿದ್ದರೆ ಸಾಲಗಾರನಷ್ಟೇ ಜವಾಬ್ದಾರಿ ಜಾಮೀನುದಾರರಿಗೂ ಇದೆ. ಅದೇ ಬ್ಯಾಂಕಿನಲ್ಲಿ ಅವರ ಖಾತೆ ಇದ್ದರೆ ಅದಕ್ಕೂ ಕೈ ಹಾಕಬಹುದು.

ಇಲ್ಲಿಯೇ ಗೃಹಲಕ್ಷ್ಮಿಯ 2,000 ರೂಪಾಯಿಯ ಮಾತು ಬರುತ್ತದೆ. ಸರ್ಕಾರದ ದುಡ್ಡು ಬರುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ, ನಾವು ಅಂದುಕೊಂಡ ಖಾತೆಗಲ್ಲ. ಹೊಸ ಖಾತೆ ತೆಗೆದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಆಧಾರ್ ಸೀಡಿಂಗ್ (ಜೋಡಣೆ), ಡಿಬಿಟಿಗೆ (ಸರ್ಕಾರದ ದುಡ್ಡಿನ ನೇರ ಜಮಾಕ್ಕೆ) ಈ ಖಾತೆ ಅಂತ ಬೇರೆ ಫಾರಮ್ಮಿಗೆ ಸಹಿ ಹಾಕಬೇಕು. ಈಗ ಯಾವ ಬ್ಯಾಂಕಿಗೆ ಜೋಡಣೆ ಇದೆ ಅಂತ ಆಧಾರ್‌ನ ವೆಬ್‌ಸೈಟಿನಲ್ಲಿ ನೋಡಬಹುದು. ಬರ ಪರಿಹಾರದಂಥ ಹಣವನ್ನು ಸಾಲಕ್ಕೆ ಜಮಾ ಮಾಡಬೇಡಿ ಅಂತ ಜಿಲ್ಲಾಧಿಕಾರಿಗಳು ಬ್ಯಾಂಕುಗಳಿಗೆ ಹೇಳುತ್ತ ಬಂದಿದ್ದಾರೆ, ಆದರೂ ಹೋದ ದುಡ್ಡನ್ನು ವಾಪಸು ತರಿಸುವ ಓಡಾಟ ಯಾರಿಗೆ ಬೇಕು? ಮೊದಲೇ ಜೋಡಣೆ ಬದಲಿಸುವುದು ಸುಲಭ.

ಖಾತೆ ತೆಗೆಯುವ ದಿನ

ಆಧಾರ್, ಪ್ಯಾನ್ ಕಾರ್ಡು, ಎರಡು ಫೋಟೋ. ಪ್ಯಾನ್ ಇಲ್ಲದಿದ್ದರೆ ಫಾರಮ್ 60. ಆಧಾರ್ ಕೊಡಲು ಮನಸ್ಸಿಲ್ಲದವರು ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸು, ಪಾಸ್‌ಪೋರ್ಟು, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು ಕೊಡಬಹುದು. ಬಾಡಿಗೆ ಮನೆ ಬದಲಿಸಿ ಹುಬ್ಬಳ್ಳಿಗೋ ಧಾರವಾಡಕ್ಕೋ ಬಂದು ಕಾಗದದಲ್ಲಿ ಹಳೆಯ ವಿಳಾಸವೇ ಇದ್ದರೆ, ಎರಡು ತಿಂಗಳೊಳಗಿನ ಕರೆಂಟ್ ಬಿಲ್ಲು ತೋರಿಸಿ ಖಾತೆ ತೆಗೆದು, ಮೂರು ತಿಂಗಳಲ್ಲಿ ಹೊಸ ವಿಳಾಸದ ದಾಖಲೆ ಕೊಡಬಹುದು.

ಫಾರಮ್ಮಿನಲ್ಲಿ ಸಾಲದ ಬಗ್ಗೆ ಕೇಳಿದರೆ ಸುಳ್ಳು ಬರೆಯಬೇಡಿ. ನಾನು ಕೌಂಟರಿನಲ್ಲಿ ನೇರವಾಗಿ ಹೇಳಿದೆ: "ಬೇರೆ ಕಡೆ ಸಾಲ ಐತ್ರಿ, ಇತ್ಯರ್ಥ ಆಗೇತಿ, ಕಂತು ಕಟ್ಟಾಕತ್ತೀನಿ. ಅದಕ್ಕ ಈ ಖಾತೆ ಬೇಕು." ಆ ಹುಡುಗಿ ತಲೆ ಎತ್ತದೆ ಆಧಾರ್ ನಂಬರು ಟೈಪ್ ಮಾಡುತ್ತಲೇ ಇದ್ದಳು. ನಾನು ಮೂರು ರಾತ್ರಿ ಅಭ್ಯಾಸ ಮಾಡಿಕೊಂಡು ಹೋದ ಮಾತು ಅದು. ಚೆಕ್ ಬುಕ್ ಬೇಕೇ ಅಂದಾಗ ಬೇಡ ಅಂದೆ. ಖಾಲಿ ಚೆಕ್ಕು ಕೊಡಿ ಅಂತ ಯಾರಾದರೂ ಕೇಳಿದರೆ "ಇಲ್ಲ" ಅನ್ನಲು ಅದಕ್ಕಿಂತ ಸುಲಭದ ಉಪಾಯವಿಲ್ಲ.

ಇಂಥ ಖಾತೆ ಇಲ್ಲವೇ ಇಲ್ಲ ಅಂತ ಶಾಖೆಯವರು ವಾಪಸು ಕಳಿಸಿದರೆ ಬಾಯಿಮಾತು ಬೇಡ, ಅರ್ಜಿ ಬರೆದುಕೊಟ್ಟು ಒಂದು ಪ್ರತಿಗೆ ಶಿಕ್ಕಾ ಹಾಕಿಸಿಕೊಳ್ಳಿ. ಸಾಮಾನ್ಯವಾಗಿ ಶಿಕ್ಕಾ ಕೇಳಿದ ಕೂಡಲೇ ಫಾರಮ್ಮು ಸಿಗುತ್ತದೆ. 30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಮಾಹಿತಿಗೆ 14448.

ಒಂದು ಮಾತು ಸ್ಪಷ್ಟವಾಗಿರಲಿ. ಬೇರೆ ಬ್ಯಾಂಕಿನ ಖಾತೆ ಅಂದರೆ ಕೋಟೆಯಲ್ಲ. ಕೋರ್ಟು ಡಿಕ್ರಿ ಕೊಟ್ಟು ಜಪ್ತಿ ಆದೇಶ ಮಾಡಿದರೆ ಯಾವ ಬ್ಯಾಂಕಿನ ಖಾತೆಯನ್ನೂ ಹಿಡಿಯಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದವರು ಇದನ್ನು ಹೆಚ್ಚು ನೆನಪಿಡಬೇಕು. ಅಲ್ಲಿನ ತೀರ್ಪು ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಕಂತು ತಪ್ಪಿದರೆ ನೇರ ಜಾರಿಗೆ ಹೋಗುತ್ತಾರೆ. ಹೊಸ ಖಾತೆಯಿಂದ ಆಗುವ ಉಪಕಾರ ಇಷ್ಟೇ: ಒಪ್ಪಿದ ತಾರೀಕಿಗೆ, ಒಪ್ಪಿದ ಮೊತ್ತವನ್ನು, ನಮ್ಮ ಕೈಯಿಂದಲೇ ಕಟ್ಟಲು ದುಡ್ಡು ಉಳಿಯುತ್ತದೆ.

ಅದಕ್ಕೆ ಸಾಲ ಕೊಟ್ಟ ಬ್ಯಾಂಕಿಗೂ ಒಂದು ಪತ್ರ ಕೊಟ್ಟೆ: ಇನ್ನು ಮುಂದೆ ಕಂತು ಈ ಖಾತೆಯಿಂದ ಬರುತ್ತದೆ, ಇತ್ಯರ್ಥದ ಲೆಕ್ಕಕ್ಕೇ ಜಮಾ ಮಾಡಿ, ಬೇರೆ ಬಾಕಿಗೆ ಮಾಡಬೇಡಿ. ಓಟಿಎಸ್ (ಇಂಥ ಇತ್ಯರ್ಥದ) ದುಡ್ಡನ್ನು 'ನೋ ಲೀನ್' ಖಾತೆಯಲ್ಲಿ, ಅಂದರೆ ಬೇರೆ ಬಾಕಿಗೆ ಹಿಡಿಯದ ಖಾತೆಯಲ್ಲಿ, ಇಡುವ ರೂಢಿ ಬ್ಯಾಂಕುಗಳಲ್ಲಿದೆ. ಅದನ್ನೂ ಆ ಪತ್ರದಲ್ಲೇ ಕೇಳಿಬಿಡಿ. ಕ್ಯೂಆರ್ ಕೋಡಿನ ದುಡ್ಡು ಯಾವ ಖಾತೆಗೆ ಬೀಳಬೇಕು ಅನ್ನುವುದನ್ನು ಆ್ಯಪಿನಲ್ಲಿ ಬದಲಿಸಿದೆ. ಗೋಡೆಗೆ ಅಂಟಿಸಿದ ಕೋಡು ಅದೇ, ದುಡ್ಡು ಹೋಗುವ ಖಾತೆ ಮಾತ್ರ ಬೇರೆ.

ಹಳೆಯ ಖಾತೆ ಇನ್ನೂ ಇದೆ. ಅದರಲ್ಲಿ 41 ರೂಪಾಯಿ ಇದೆ. ಕೊನೆಯ ಕಂತು ಕಟ್ಟಿ, ಬಾಕಿ ಇಲ್ಲ ಪತ್ರ ಕೈಗೆ ಬಂದು, ಒತ್ತೆ ಇಟ್ಟ ಮನೆಯ ಕಾಗದ ವಾಪಸಾದ ಮೇಲೆ ಅದನ್ನು ಮುಚ್ಚುವುದು. ಆ ಕಾಗದವನ್ನು ಸಾಲ ತೀರಿದ 30 ದಿನದೊಳಗೆ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಆರ್‌ಬಿಐ ನಿಯಮವಿದೆ, 2023ರ ಡಿಸೆಂಬರ್ 1ರಿಂದ. ಈ ಸಲ ಆ ಸುತ್ತೋಲೆಯ ಪ್ರತಿ ತೆಗೆದು, ಓದಿ, ಫೈಲಿಗೆ ಸೇರಿಸಿಟ್ಟಿದ್ದೇನೆ.